95% ಸ್ಪಿರಿಟ್‌ನಲ್ಲೇ ಈಥೈಲ್ ಬ್ಯುಟಿರೇಟ್: ಕಮಟು ಉಳಿಯದಂತೆ ಮಾಡಿದ ಬಗೆ

ಸಾದಾ ರೆಕ್ಟಿಫೈಡ್ ಸ್ಪಿರಿಟ್‌ನಲ್ಲಿ (95% ಆಲ್ಕೋಹಾಲ್, ಉಳಿದದ್ದು ನೀರು) ಬ್ಯುಟನಾಯಿಕ್ ಆಮ್ಲದ ಎಸ್ಟರ್, ಅಂದರೆ ಆಮ್ಲವೂ ಆಲ್ಕೋಹಾಲೂ ಸೇರಿ ಆಗುವ ಈಥೈಲ್ ಬ್ಯುಟಿರೇಟ್, ಮಾಡಿದರೆ ಅರ್ಧದಷ್ಟೂ ಕೈಗೆ ಹತ್ತುವುದಿಲ್ಲ, ಬಂದದ್ದೂ ಹಳಸಿದ ಬೆಣ್ಣೆಯ ಹಾಗೆ ಕಮಟು ಹೊಡೆಯುತ್ತದೆ ಎಂದವರೇ ಎಲ್ಲರೂ. ಈಗ ಸತತ ನಾಲ್ಕು ಬ್ಯಾಚ್ 80%ರ ಆಸುಪಾಸಿನ ಇಳುವರಿ ಕೊಟ್ಟಿವೆ. ಅನಾನಸ್ ವಾಸನೆ ಬಿಟ್ಟರೆ ಬೇರೇನಿಲ್ಲ. ರಿಫ್ಲಕ್ಸ್ (ಆವಿಯನ್ನು ತಣಿಸಿ ಫ್ಲಾಸ್ಕಿಗೇ ಮರಳಿಸುತ್ತಾ ಕುದಿಸುವುದು) ಮಾಡಿ, ಪದರಗಳನ್ನು ಬೇರ್ಪಡಿಸುವ ಸೆಪರೇಟಿಂಗ್ ಫನಲ್ ಹಿಡಿದು ಅಭ್ಯಾಸವಿರುವವರಿಗಾಗಿ ಇದನ್ನು ಬರೆದಿದ್ದೇನೆ.

ಕೆಟ್ಟ ಬ್ಯಾಚ್‌ಗಳಿಂದಲೇ ಶುರುಮಾಡುತ್ತೇನೆ. ಆಮ್ಲಕ್ಕೂ ಸ್ಪಿರಿಟ್‌ಗೂ ಮೋಲ್ ಲೆಕ್ಕದಲ್ಲಿ ಸಮಸಮ ಹಾಕಿದಾಗ 58 ಗ್ರಾಂ ಸಿಗಬೇಕಾದಲ್ಲಿ ಸಿಕ್ಕಿದ್ದು ಸುಮಾರು 25. ಒಣ ಆಲ್ಕೋಹಾಲ್ ಇದ್ದರೂ ಸಮತೋಲ ಮೂರರಲ್ಲಿ ಎರಡು ಪಾಲಿಗೇ ನಿಲ್ಲುತ್ತದೆ, ಅದರ ಮೇಲೆ ಸ್ಪಿರಿಟ್‌ನ ನೀರು ಬೇರೆ. ಸ್ಪಿರಿಟ್ ಮೂರು ಪಟ್ಟು ಮಾಡಿದೆ. ಎಸ್ಟರ್ ಆಯಿತು, ಆದರೆ ತೊಳೆಯುವಾಗ ಉಳಿದ ಸ್ಪಿರಿಟ್ ಅದನ್ನು ನೀರಿನ ಪದರಕ್ಕೆ ಎಳೆದುಕೊಂಡು ಹೋಯಿತು. ಮೂರನೆಯದು ಎಲ್ಲಕ್ಕಿಂತ ದುಬಾರಿ ತಪ್ಪು: ನೀರು ಹೀರಲೆಂದು 3ಎ ಮಾಲಿಕ್ಯುಲರ್ ಸೀವ್ ಕಾಳುಗಳನ್ನು ನೇರವಾಗಿ ಫ್ಲಾಸ್ಕಿಗೇ ಸುರಿದದ್ದು. ಸಲ್ಫ್ಯೂರಿಕ್ ಆಮ್ಲ ಆ ಕಾಳನ್ನೇ ತಿಂದುಹಾಕಿತು. ಕಾಳೆಲ್ಲ ಲೋಳೆಯಾಗಿ ಫಿಲ್ಟರ್ ಕಟ್ಟಿಕೊಂಡಿತು. ಸೀವ್, ಆಮ್ಲ, ಸ್ಪಿರಿಟ್ ಸೇರಿ ಏಳೆಂಟು ನೂರು ರೂಪಾಯಿ ಚರಂಡಿ ಪಾಲು. ಕುಡಿಯಲಾಗದಂತೆ ಕೆಡಿಸಿದ ಡೀನೇಚರ್ಡ್ ಸ್ಪಿರಿಟ್ ಅಗ್ಗವೆಂದು ಹಾಕಿದ ಬ್ಯಾಚನ್ನಂತೂ ಮೂಗಿನ ಹತ್ತಿರ ತರಲಾಗಲಿಲ್ಲ. ಅದಕ್ಕೆ ಬೆರೆಸಿದ ಕಹಿ, ನಾತ ಯಾವ ತೊಳೆತಕ್ಕೂ ಜಗ್ಗಲಿಲ್ಲ. ಅಬಕಾರಿ ಪರವಾನಗಿಯ ತಲೆನೋವು ಅನುಭವಿಸಿಯಾದರೂ ಶುದ್ಧ ಸ್ಪಿರಿಟನ್ನೇ ತರಬೇಕು.

ಗೆದ್ದ ವಿಧಾನದಲ್ಲಿ ಸೀವ್‌ಗೆ ಸಲ್ಫ್ಯೂರಿಕ್ ಆಮ್ಲ ತಾಗುವುದೇ ಇಲ್ಲ. 250 ಮಿ.ಲೀ. ಫ್ಲಾಸ್ಕಿಗೆ ಬ್ಯುಟನಾಯಿಕ್ ಆಮ್ಲ 44 ಗ್ರಾಂ, ಅಂದರೆ 46 ಮಿ.ಲೀ.; ಸ್ಪಿರಿಟ್ 90 ಮಿ.ಲೀ.ಗೆ ಒಂದೆರಡು ಹೆಚ್ಚು, ಕುದಿ ಸಮವಾಗಿರಲು ಕುದಿಗಲ್ಲು. ತಣ್ಣೀರಲ್ಲಿ ಕೂರಿಸಿ, ಅಲುಗಿಸುತ್ತಾ ಗಾಢ ಸಲ್ಫ್ಯೂರಿಕ್ 2 ಮಿ.ಲೀ. ಹನಿಹನಿಯಾಗಿ ಬಿಡಿ. ಅದರ ಮೇಲೆ ಪಕ್ಕನಳಿಕೆಯಿರುವ, ಒತ್ತಡ ಸಮವಾಗುವ ಡ್ರಾಪಿಂಗ್ ಫನಲ್. ತಳಕ್ಕೆ ಗಾಜಿನ ಉಣ್ಣೆ, ಮೇಲೆ 90 ಗ್ರಾಂ 3ಎ ಕಾಳು, ತುದಿಗೆ ಕಂಡೆನ್ಸರ್, ತಿರುಪು ತೆರೆದೇ ಇರಲಿ. ಆವಿ ಪಕ್ಕನಳಿಕೆಯಲ್ಲಿ ಏರಿ, ತಣಿದು, ಕಾಳಿನ ಮೂಲಕ ಸೋಸಿ ಫ್ಲಾಸ್ಕಿಗೆ ಇಳಿಯುತ್ತದೆ. ಬ್ಯುಟನಾಯಿಕ್ ಆಮ್ಲ 164 ಡಿಗ್ರಿಯಲ್ಲಿ ಕುದಿಯುವುದರಿಂದ ಮೇಲೇರುವುದು ಅತ್ಯಲ್ಪ. ಕ್ರಿಯೆಯ ನೀರು 9 ಗ್ರಾಂ, ಸ್ಪಿರಿಟ್‌ನದು ಐದಾರು ಗ್ರಾಂ. ಕಾಳು ತನ್ನ ತೂಕದ ಐದನೇ ಒಂದು ಭಾಗ ಹೀರುತ್ತದೆಂದು ಲೆಕ್ಕ ಹಾಕಿದರೆ 90 ಗ್ರಾಂ ಧಾರಾಳ. ನಾಲ್ಕು ಗಂಟೆ ಹೀಗೆ ಕುದಿಸಿದರೆ ಸಾಕು. ಫನಲ್‌ನಲ್ಲಿ ದ್ರವ ನಿಂತು ಫ್ಲಾಸ್ಕ್ ಬರಿದಾಗದಂತೆ ಮೊದಲ ಅರ್ಧ ಗಂಟೆ ಕಣ್ಣಿಟ್ಟಿರಿ.

ಬಳಸಿದ ಕಾಳನ್ನು ಬಯಲಲ್ಲಿ ಹರಡಿ ಸ್ಪಿರಿಟ್ ಪೂರ್ತಿ ಹಾರಿದ ಮೇಲೆಯೇ 250 ಡಿಗ್ರಿ ಓವನ್‌ಗೆ ಇಡಿ. ಹಸಿಯಾಗಿ ಇಟ್ಟರೆ ಬೆಂಕಿ ಹೊತ್ತೀತು. ಹೀಗೆ ಐದಾರು ಸಲ ಬಳಸಿದ್ದೇನೆ. ಒಂದು ಬ್ಯಾಚಿಗೆ ಮುನ್ನೂರೈವತ್ತು ರೂಪಾಯಿ ಬೀಳಬಹುದು.

ತೊಳೆಯುವ ಹಂತದಲ್ಲೇ ಹೆಚ್ಚಿನವರು ಕೆಡಿಸಿಕೊಳ್ಳುವುದು. ಮೊದಲು ತಣ್ಣಗಿನ ಉಪ್ಪುನೀರು, ಬರೀ ನೀರಲ್ಲ. ನಂತರ ಅಡುಗೆ ಸೋಡಾ ದ್ರಾವಣವನ್ನು ತೆರೆದ ಬೀಕರಿನಲ್ಲಿ ಹಾಕಿ, ನೊರೆ ಪೂರ್ತಿ ಅಡಗಿದ ಮೇಲಷ್ಟೇ ಸೆಪರೇಟಿಂಗ್ ಫನಲ್‌ಗೆ. ಅವಸರದಲ್ಲಿ ಮುಚ್ಚಿ ಕುಲುಕಿದರೆ ಅನಿಲದೊತ್ತಡಕ್ಕೆ ಬಿರಡೆ ಹಾರಿ ಮುಖಕ್ಕೇ ಎರಚುತ್ತದೆ. ಬ್ಯುಟನಾಯಿಕ್ ಆಮ್ಲ ಚರ್ಮ ಸುಡುತ್ತದೆ, ಕಣ್ಣಿಗಂತೂ ಶಾಶ್ವತ ಹಾನಿ ಮಾಡಬಲ್ಲದು. ಕನ್ನಡಕ, ನಿಯೋಪ್ರೀನ್ ಕೈಗವಸು ಇಲ್ಲದೆ ಬಾಟಲಿ ತೆರೆಯಬೇಡಿ. ಸೋಡಾ ತೊಳೆತಕ್ಕೂ ಕೊನೆಯ ಉಪ್ಪುನೀರಿಗೂ ನಡುವೆ ನಾನು ಇನ್ನೊಂದು ತೊಳೆತ ಕೊಡುತ್ತೇನೆ. ಅದು ಸದ್ಯ ನನ್ನಲ್ಲೇ ಇರಲಿ.

ಈ ಆಮ್ಲ ನೆಲಕ್ಕೆ ಚೆಲ್ಲಿದರೆ ಫಿನೈಲ್, ಸೋಪು ಪ್ರಯೋಜನಕ್ಕಿಲ್ಲ. ವಾಷಿಂಗ್ ಸೋಡಾ ದ್ರಾವಣ ಹೊಯ್ದರೆ ಆಮ್ಲ ಉಪ್ಪಾಗಿ ನಾತ ಅಡಗುತ್ತದೆ. ಆದರೆ ಅದೇ ನೀರನ್ನು ಇನ್ನಾವುದೋ ಆಮ್ಲದ ತ್ಯಾಜ್ಯದ ಜತೆ ಸಿಂಕಿಗೆ ಬಿಟ್ಟರೆ ಆಮ್ಲ ಮತ್ತೆ ಬಿಡುಗಡೆಯಾಗಿ ಓಣಿಯವರೆಲ್ಲ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ರಬ್ಬರ್ ಬಿರಡೆ, ಕಾರ್ಕ್ ಎರಡೂ ಬೇಡ, ವಾಸನೆ ಕುಡಿದು ತಿಂಗಳುಗಟ್ಟಲೆ ಉಗುಳುತ್ತವೆ. ಗಾಜಿನ ಜಾಯಿಂಟ್, ಟೆಫ್ಲಾನ್ ಟೇಪ್ ಸಾಕು.

ಎಸ್ಟರ್ ತೊಳೆದ ಅಡುಗೆ ಸೋಡಾ ನೀರಿನಿಂದ ಒಂದು ಚಂದದ ಪ್ರಯೋಗವಿದೆ. ಅದನ್ನು ಕುದಿಸಿ ಇಂಗಿಸಿ, ತಣಿಸಿ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಸೋಸಿ. ತಿಳಿಯನ್ನು ಬಿಸಿ ಮಾಡಿದರೆ ಕರಗುವ ಬದಲು ಬಿಳಿ ಹರಳು ಮೂಡುತ್ತದೆ, ತಣಿಸಿದರೆ ಮತ್ತೆ ತಿಳಿಯಾಗುತ್ತದೆ. ಕ್ಯಾಲ್ಸಿಯಂ ಬ್ಯುಟಿರೇಟ್ ಬಿಸಿನೀರಿಗಿಂತ ತಣ್ಣೀರಿನಲ್ಲೇ ಹೆಚ್ಚು ಕರಗುವ ಉಪ್ಪು. ತುಪ್ಪದಿಂದಲೇ ಆಮ್ಲ ತೆಗೆಯುವ ಪ್ರಯತ್ನವೂ ಆಯಿತು. ಕಿಲೋ ತುಪ್ಪಕ್ಕೆ ಮೂವತ್ತು-ಮೂವತ್ತೈದು ಗ್ರಾಂ ಮೀರುವುದಿಲ್ಲ, ಅದರ ಜತೆ ಕ್ಯಾಪ್ರೋಯಿಕ್ ಆಮ್ಲದ ಆಡಿನ ನಾತವೂ ಬರುತ್ತದೆ. ದುಡ್ಡು ದಂಡ.

ಮತ್ತೆ ಎಸ್ಟರಿಗೆ ಬರೋಣ: ತೊಳೆದಾದ ಮೇಲೆ ಅದನ್ನು ಒಣ ಸೋಡಿಯಂ ಸಲ್ಫೇಟ್‌ನಲ್ಲಿ ಒಂದು ಗಂಟೆ ಇಟ್ಟು ಬಟ್ಟಿ ಇಳಿಸಿ. ಪುಸ್ತಕದಲ್ಲಿರುವ 121 ಡಿಗ್ರಿಗೆ ಕಾಯುತ್ತಾ ಕೂತು ಮೊದಲ ಬ್ಯಾಚುಗಳಲ್ಲಿ ಒಳ್ಳೆ ಮಾಲನ್ನೇ ಮುನ್ಬಟ್ಟಿ (ಮೊದಲು ಇಳಿಯುವ ಬೇಡದ ಭಾಗ) ಎಂದು ಚೆಲ್ಲಿದ್ದಾಗಿದೆ. ಬೆಂಗಳೂರಿನ ಎತ್ತರದಲ್ಲಿ ನೀರೇ 97ಕ್ಕೆ ಕುದಿಯುತ್ತದೆ, ಈ ಎಸ್ಟರ್ 117ರ ಸುಮಾರಿಗೆ ಬರುತ್ತದೆ. ಮಂಗಳೂರಿನವರು 121 ನಂಬಬಹುದು. ಬರ್ನರ್ ಬೇಡ, ಕರೆಂಟಿನಲ್ಲಿ ಬಿಸಿಯಾಗುವ ಮ್ಯಾಂಟಲ್ ಮಾತ್ರ: ಎಸ್ಟರಿನ ಫ್ಲಾಶ್ ಪಾಯಿಂಟ್ 25 ಡಿಗ್ರಿಯ ಆಸುಪಾಸು, ಅಂದರೆ ನಮ್ಮ ಕೋಣೆಯ ಬಿಸಿಗೇ ಅದರ ಆವಿ ಕಿಡಿ ಹಿಡಿಯುತ್ತದೆ. ಬಂದದ್ದು 46-47 ಗ್ರಾಂ. ಮೇಣದಬತ್ತಿ, ಅಗರಬತ್ತಿಯ ಪರಿಮಳಕ್ಕೆ ಸರಿ, ತಿನ್ನುವ ಪದಾರ್ಥಕ್ಕೆ ಖಂಡಿತ ಬೇಡ.

ಪರೀಕ್ಷೆಗೆ ಒಂದು ಹನಿಯನ್ನು ಫಿಲ್ಟರ್ ಕಾಗದದ ಪಟ್ಟಿಗೆ ಹಾಕಿ ಗಾಳಿಗೆ ಬಿಡಿ. ಆಗ ಮೂಸಿದರೆ ಎಲ್ಲರ ಮಾಲೂ ಅನಾನಸ್ಸೇ. ಎಸ್ಟರ್ ಬೇಗ ಹಾರುತ್ತದೆ, ಆಮ್ಲ ಹಿಂದುಳಿಯುತ್ತದೆ. ಅರ್ಧ ಗಂಟೆಯ ನಂತರ ಮತ್ತೆ ಮೂಸಿ. ಪಟ್ಟಿಯಲ್ಲಿ ಬೆಣ್ಣೆಯ ಕಮಟು ಎಳೆಯಷ್ಟಿದ್ದರೂ ಸೋಡಾ ತೊಳೆತದಿಂದ ಮತ್ತೆ ಶುರುಮಾಡಿ.