‘ಮಿದುಳನ್ನು ಕಾಯುವ ಹಾರ್ಮೋನು’ ಎಂಬ ಸುದ್ದಿಯನ್ನು ಓದುವ ಬಗೆ

ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನೊಳಗೆ ಕಟ್ಟುವ ಪ್ರೋಟೀನಿನ ಗಸಿಯನ್ನು ಯಾವುದೋ ಹಾರ್ಮೋನು ತಡೆಯುತ್ತದೆ ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಮನೆಯಲ್ಲಿ ಮರೆವಿನ ರೋಗಿಯನ್ನು ನೋಡಿಕೊಳ್ಳುವವರು ಅದನ್ನು ಎಷ್ಟು ಆಸೆಯಿಂದ ಓದುತ್ತಾರೆಂಬುದನ್ನು ಬಲ್ಲೆನಾದ್ದರಿಂದ, ಅಂಥ ಸುದ್ದಿಯನ್ನು ಜರಡಿ ಹಿಡಿಯುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಸುದ್ದಿ ಯಾವ ಪ್ರೋಟೀನಿನದು ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಅವರು, 55ನೆಯ ವಯಸ್ಸಿನಲ್ಲಿ ತೀರಿಕೊಂಡ ಆಗಸ್ಟೆ ಡೇಟರ್ ಎಂಬ ಮಹಿಳೆಯ ಮಿದುಳನ್ನು ತೆಳುವಾಗಿ ಸೀಳಿ, ಬೆಳ್ಳಿಯ ಲವಣದಿಂದ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೋಶಗಳ ನಡುವೆ ಗಸಿಯ ಚುಕ್ಕೆಗಳೂ ಕೋಶಗಳೊಳಗೆ ದಪ್ಪನೆಯ ಎಳೆಗಳ ಸಿಕ್ಕೂ ಕಂಡವು. ಕೆಲವೆಡೆ ನರಕೋಶವೇ ಅಳಿದು, ಅದಿದ್ದ ಜಾಗದಲ್ಲಿ ಸಿಕ್ಕು ಮಾತ್ರ ಉಳಿದಿತ್ತು. ಹೊರಗಿನ ಚುಕ್ಕೆ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನಿನದು, ಒಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದು ಎಂದು ಈಗ ತಿಳಿದಿದೆ. ಮರೆವು ಹೆಚ್ಚುವುದು ಅಮೈಲಾಯ್ಡಿನ ಪ್ರಮಾಣಕ್ಕಿಂತ ಟೌ ಹರಡುವಿಕೆಯೊಡನೆ ಹೆಚ್ಚು ಹೊಂದುತ್ತದೆ. ಆದ್ದರಿಂದ ಅಮೈಲಾಯ್ಡ್ ಇಳಿಯಿತು ಎಂದಷ್ಟೇ ಬರೆದಿದ್ದರೆ ಅರ್ಧ ಕಥೆ ಓದಿದಂತಾಯಿತು.

ಪರೀಕ್ಷೆ ನಡೆದದ್ದು ಯಾರ ಮೇಲೆ ಎಂದು ಆಮೇಲೆ ನೋಡಿ. ಇದೇ ಮುಖ್ಯವಾದ ಪ್ರಶ್ನೆ, ಇದಕ್ಕೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತೋರಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳಿಗೆ ಈಸ್ಟ್ರೋಜೆನ್ ಕೊಟ್ಟಾಗ ಅವು ಅಮೈಲಾಯ್ಡನ್ನು ಕಡಿಮೆ ತಯಾರಿಸಿದವು. ಈಸ್ಟ್ರೋಜೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಮಹಿಳೆಯರಲ್ಲಿ ಕಾಯಿಲೆ ಕಡಿಮೆ ಎಂದು ಕೆಲವು ಸಮೀಕ್ಷೆಗಳೂ ಹೇಳಿದವು. ಆದರೆ ಆ ಮಾತ್ರೆಯನ್ನು ಕೇಳಿ ಪಡೆಯುತ್ತಿದ್ದವರು ಮೊದಲೇ ಹೆಚ್ಚು ಓದಿದವರೂ ಆರೋಗ್ಯವಂತರೂ ಆಗಿರುವ ಸಾಧ್ಯತೆಯಿತ್ತು. ಕೊನೆಗೆ ಅಮೆರಿಕದಲ್ಲಿ 65 ದಾಟಿದ 4,532 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ (ಇನ್ನೊಂದು ಹೆಣ್ಣು ಹಾರ್ಮೋನಿನಂಥ ಔಷಧ) ಸೇರಿದ ಮಾತ್ರೆಯನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆಯನ್ನೂ ಕೊಟ್ಟು ಸುಮಾರು ನಾಲ್ಕು ವರ್ಷ ಗಮನಿಸಲಾಯಿತು. 2003ರಲ್ಲಿ ಬಂದ ಫಲಿತಾಂಶದಲ್ಲಿ ಹಾರ್ಮೋನು ಪಡೆದ 40 ಮಂದಿಗೆ ಮರೆವಿನ ಕಾಯಿಲೆ (ಡಿಮೆನ್ಷಿಯಾ) ಬಂದಿತ್ತು, ಪಡೆಯದವರಲ್ಲಿ 21 ಮಂದಿಗೆ. ತಟ್ಟೆಯಲ್ಲಿ ಮಿದುಳನ್ನು ಕಾಯುವಂತೆ ಕಂಡದ್ದು ಮನುಷ್ಯರಲ್ಲಿ ಅಪಾಯವನ್ನು ಇಮ್ಮಡಿಗೊಳಿಸಿತ್ತು. ಮುಟ್ಟು ನಿಂತ ಹೊಸತರಲ್ಲೇ ಆರಂಭಿಸಿದರೆ ಬೇರೆ ಫಲ ಸಿಕ್ಕೀತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ; ಹೀಗಾಗಿ ಚಿಕಿತ್ಸೆ ಯಾವ ವಯಸ್ಸಿನಲ್ಲಿ ಶುರುವಾಯಿತು ಎಂಬುದನ್ನೂ ಸುದ್ದಿಯಲ್ಲಿ ಹುಡುಕಿ.

ಇಲಿಗಳ ಸುದ್ದಿಯಾದರೆ ಇನ್ನೂ ಎಚ್ಚರ ಬೇಕು. ಮಾನವ ಜೀನು ಸೇರಿಸಿ ಬೆಳೆಸಿದ ಈ ಇಲಿಗಳಲ್ಲಿ ಬಹುಪಾಲಿನವು ಅಮೈಲಾಯ್ಡ್ ಚುಕ್ಕೆಗಳನ್ನು ತೋರಿಸುತ್ತವೆಯೇ ಹೊರತು, ಮನುಷ್ಯರಲ್ಲಿ ಕಾಣುವ ಟೌ ಸಿಕ್ಕುಗಳನ್ನಲ್ಲ.

ಇನ್ಸುಲಿನ್ ವಿಷಯವೂ ಹೀಗೆಯೇ. ಇನ್ಸುಲಿನ್ನನ್ನು ತುಂಡರಿಸುವ ಕಿಣ್ವವೇ ಅಮೈಲಾಯ್ಡ್ ಬೀಟಾವನ್ನೂ ತುಂಡರಿಸುತ್ತದೆ ಎಂಬುದು ಸೊಗಸಾದ ಸಂಗತಿ; ಆದರೂ ಮೂಗಿನ ಮೂಲಕ ಇನ್ಸುಲಿನ್ ಕೊಟ್ಟ ದೊಡ್ಡ ಪ್ರಯೋಗವೊಂದರಲ್ಲಿ ಪ್ರಯೋಜನ ಕಾಣಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು.

ಅಳೆದದ್ದು ಗಸಿಯನ್ನೋ ನೆನಪನ್ನೋ ಎಂಬುದನ್ನೂ ಬೇರ್ಪಡಿಸಿ ಓದಿ. ಹಾರ್ಮೋನಲ್ಲದ, ಅಮೈಲಾಯ್ಡನ್ನು ತೆರವುಗೊಳಿಸಲೆಂದೇ ರೂಪಿಸಿದ ಲೆಕಾನೆಮ್ಯಾಬ್ ಚುಚ್ಚುಮದ್ದು ಗಸಿಯನ್ನು ಬಹಳಷ್ಟು ಇಳಿಸಿದರೂ, 18 ತಿಂಗಳ ನಂತರ ನೆನಪು ಮತ್ತು ದಿನನಿತ್ಯದ ಕೆಲಸಗಳ ಸಾಮರ್ಥ್ಯವನ್ನು ಅಳೆಯುವ 18 ಅಂಕಗಳ ಮಾಪನದಲ್ಲಿ, ಮದ್ದು ಪಡೆದವರ ಮತ್ತು ಪಡೆಯದವರ ನಡುವಣ ಅಂತರ 0.45 ಅಂಕ ಮಾತ್ರವಾಗಿತ್ತು.

ಯಾವ ಸುದ್ದಿ ಓದಿದರೂ ಅಂಗಡಿಯಿಂದ ಹಾರ್ಮೋನು ಮಾತ್ರೆ ತಂದು ಹಿರಿಯರಿಗೆ ಕೊಡಬೇಡಿ. ಅದರ ಬದಲು, ಮರೆವು ಹೊಸದಾಗಿ ಕಾಣಿಸಿಕೊಂಡಿದ್ದರೆ ವೈದ್ಯರ ಬಳಿ ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆಯನ್ನು ಕೇಳಿ ಮಾಡಿಸಿ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೂ ಮಂಕು ಕವಿದು ಮರೆವು ಬರುತ್ತದೆ. ಅದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯಿಂದ ಸುಧಾರಿಸಲೂಬಹುದು.