ಹಳೇ ರಿಗ್ಗಿನ ಸ್ಕ್ರೂ ತಲೆಗಳು

ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಹಳೇ ಸಾಮಾನಿನ ಸಂತೆಯಲ್ಲಿ ಯಾವುದಾದರೂ ರಿಗ್ (ಮಾತು ಕಳಿಸುವ, ಕೇಳಿಸುವ ರೇಡಿಯೋ ಸೆಟ್) ಕಣ್ಣಿಗೆ ಬಿದ್ದರೆ ನಾನೀಗ ಮೊದಲು ಡಯಲ್ ತಿರುಗಿಸುವುದಿಲ್ಲ. ಬಗ್ಗಿ ಮುಚ್ಚಳದ ಸ್ಕ್ರೂಗಳನ್ನು ನೋಡುತ್ತೇನೆ. ಎಲ್ಲವೂ ಒಂದೇ ಜಾತಿಯವಾಗಿದ್ದು, ತಲೆಯ ಕಪ್ಪು ಬಣ್ಣ ಹಾಗೇ ಉಳಿದಿದ್ದರೆ ಒಳಗೆ ಹೆಚ್ಚು ಜನ ಕೈಯಾಡಿಸಿಲ್ಲ ಅಂತ ಲೆಕ್ಕ. ಎರಡು ಕಾಣೆಯಾಗಿ, ಒಂದು ಹಿತ್ತಾಳೆಯದಾಗಿ, ಇನ್ನೊಂದರ ತಲೆ ಸವೆದು ಗುಂಡಿ ಬಿದ್ದಿದ್ದರೆ ಯಾರೋ ಅದನ್ನು ಪದೇ ಪದೇ ಬಿಚ್ಚಿದ್ದಾರೆ. ಬಿಚ್ಚುವುದು ತಪ್ಪೇನಲ್ಲ, ನಾನೂ ಬಿಚ್ಚುವವನೇ. ಆದರೆ ಸ್ಕ್ರೂ ವಾಪಸ್ ಹಾಕುವಷ್ಟೂ ವ್ಯವಧಾನ ಇಲ್ಲದವನು ಒಳಗಿನ ಟ್ರಿಮ್ಮರ್‌ಗಳನ್ನು, ಅಂದರೆ ಹೊಂದಿಸುವ ಪುಟ್ಟ ತಿರುಪುಗಳನ್ನು, ಮುಟ್ಟದೆ ಬಿಟ್ಟಿರುತ್ತಾನೆಯೇ?

ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ಮೊದಲ ಸಲ ಸಂತೆಗೆ ಹೋದಾಗ ಒಂದು ಮೇಜಿನ ಮೇಲೆ 100 ವಾಟಿನ ಎಚ್‌ಎಫ್ (ಶಾರ್ಟ್‌ವೇವ್) ರಿಗ್ ಇತ್ತು. ಪವರ್ ಸಪ್ಲೈ ಕೊಟ್ಟು, ಆಂಟೆನಾ ಸಾಕೆಟ್ಟಿಗೆ ನಾಲ್ಕು ಮಾರು ವೈರ್ ಸಿಕ್ಕಿಸಿ ಇಟ್ಟಿದ್ದರು. 40 ಮೀಟರ್ ಬ್ಯಾಂಡಿಗೆ ಹಾಕಿದೆ (ಬ್ಯಾಂಡುಗಳನ್ನು ನಾವು ತರಂಗದ ಉದ್ದದಿಂದ ಕರೆಯುತ್ತೇವೆ). ಬ್ಯಾಂಡ್ ತುಂಬ ಮಾತು. "ಕೇಳಿಸ್ತಿದೆ ನೋಡಿ ಸಾರ್" ಅಂದರು ಮಾರುವವರು. ಕೇಳಿಸುತ್ತಲೇ ಇತ್ತು. ಅಲ್ಲೇ ಮರುಳಾದೆ. ಮನೆಗೆ ತಂದು, ಆಂಟೆನಾ ಬದಲು ಪವರ್ ನುಂಗುವ ಡಮ್ಮಿ ಲೋಡ್ ಕಟ್ಟಿ, ಟ್ರಾನ್ಸ್‌ಮಿಟ್ ಒತ್ತಿದರೆ 40 ಮೀಟರಿನಲ್ಲಿ 35 ವಾಟ್, 15ರಲ್ಲೂ 10ರಲ್ಲೂ ಹತ್ತು ವಾಟಿನೊಳಗೆ. ಮುಚ್ಚಳ ತೆಗೆದೆ. ಜೋಡಿಯಾಗಿ ಕೆಲಸ ಮಾಡುವ ಎರಡು ಫೈನಲ್ (ಕೊನೆಯ ಹಂತದ ಪವರ್) ಟ್ರಾನ್ಸಿಸ್ಟರ್‌ಗಳಲ್ಲಿ ಒಂದರ ಕಾಲಿಗೆ ಮಾತ್ರ ಹೊಸ ಸೀಸ ಹೊಳೆಯುತ್ತಿತ್ತು. ಸುಟ್ಟದ್ದೊಂದನ್ನು ಮಾತ್ರ ಬದಲಿಸಿ, ಅದರ ಜೋಡಿಯನ್ನು ಹಳೆಯದೇ ಬಿಟ್ಟಿದ್ದರು. ಎರಡರ ಗೇನ್ ಒಂದಕ್ಕೊಂದು ಹೊಂದದಿದ್ದರೆ ಒಂದು ಎಳೆಯುತ್ತದೆ, ಇನ್ನೊಂದು ಕುಂಟುತ್ತದೆ. ಕಡಿಮೆ ಬಿದ್ದ ಪವರನ್ನು ಮೇಲೆತ್ತಲು ಪವರ್ ಮಿತಿ ಮೀರದಂತೆ ತಡೆಯುವ ಎಎಲ್‌ಸಿಯ ಟ್ರಿಮ್ಮರನ್ನೂ ಕೊನೆಯ ತನಕ ತಿರುಚಿದ್ದರು.

ಆ ಮನುಷ್ಯ ಸುಳ್ಳು ಹೇಳಲಿಲ್ಲ, ಅದು ಗಮನಿಸಬೇಕಾದ ಮಾತು. ಕೇಳಿಸುತ್ತೆ ಅಂದರು, ಕೇಳಿಸಿತು. ಟ್ರಾನ್ಸ್‌ಮಿಟ್ ಆಗುತ್ತಾ ಅಂತ ನಾನೇ ಕೇಳಲಿಲ್ಲ.

ಅಂದಿನಿಂದ ಸಂತೆಗೆ ಒಂದು ಚೀಲ ಹೊತ್ತುಕೊಂಡೇ ಹೋಗುತ್ತೇನೆ. ಅದರಲ್ಲಿ 12 ವೋಲ್ಟಿನ, 7 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿ, ಫ್ಯೂಸ್ ಹಾಕಿದ ವೈರು, ಅಂಗೈಯಗಲದ ಡಮ್ಮಿ ಲೋಡ್, ಸಣ್ಣ ವಾಟ್‌ಮೀಟರ್, ಮಲ್ಟಿಮೀಟರ್, ಟಾರ್ಚು, ಇಯರ್‌ಫೋನ್, ಸ್ಕ್ರೂಡ್ರೈವರ್, ಮತ್ತು ಈಚೆಗೆ ಒಂದು ನ್ಯಾನೋವಿಎನ್ಎ (ಕೇಬಲ್, ಆಂಟೆನಾ ಅಳೆಯುವ ಪುಟ್ಟ ಉಪಕರಣ). ಸಂತೆಯ ಮೇಜುಗಳಿಗೆ ಕರೆಂಟ್ ಇರುವುದು ಅಪರೂಪ, "ಇಲ್ಲಿ ಪವರ್ ಇಲ್ವಲ್ಲ, ಇಲ್ದಿದ್ರೆ ತೋರಿಸ್ತಿದ್ದೆ" ಅನ್ನುವ ಮಾತಿಗೆ ಬ್ಯಾಟರಿಯೇ ಉತ್ತರ. 100 ವಾಟಿನ ರಿಗ್ ಪೂರ್ತಿ ಪವರಿನಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ, ಈ ಪುಟ್ಟ ಬ್ಯಾಟರಿ ಅಷ್ಟನ್ನು ತಾಳುವುದಿಲ್ಲ. ಹಾಗಾಗಿ ಪವರ್ ತಗ್ಗಿಸಿ ಹತ್ತು ವಾಟಿಗೆ ಇಟ್ಟು, ಡಮ್ಮಿ ಲೋಡಿಗೆ ಬ್ಯಾಂಡ್ ಬ್ಯಾಂಡಾಗಿ ಒತ್ತಿ ನೋಡುತ್ತೇನೆ. ಹತ್ತು ವಾಟ್ ಬಂತು ಅಂದ ಮಾತ್ರಕ್ಕೆ ನೂರೂ ಬರುತ್ತದೆ ಅಂತ ಅಲ್ಲ. ಆದರೆ ಒಂದು ಬ್ಯಾಂಡಿನಲ್ಲಿ ಸೂಜಿ ಏಳದೇ ಹೋದರೆ ಅಲ್ಲಿಗೆ ಕಥೆ ಗೊತ್ತಾಯಿತು.

ಮೈಕ್ ಇಲ್ಲದ ರಿಗ್ಗನ್ನು ಪರೀಕ್ಷಿಸಲು ಇನ್ನೊಬ್ಬರ ಮೈಕ್ ಎರವಲು ತಂದು ಸಿಕ್ಕಿಸಬೇಡಿ. ಎಂಟು ಪಿನ್ನಿನ ಆ ದುಂಡು ಕನೆಕ್ಟರ್ ಐಕಾಮ್, ಕೆನ್‌ವುಡ್, ಯೇಸು ಮೂರರಲ್ಲೂ ನೋಡಲು ಒಂದೇ ಥರ ಇದ್ದರೂ ಪಿನ್ನುಗಳ ಜೋಡಣೆ ಬೇರೆ ಬೇರೆ. ನಾನು ಸಿಡಬ್ಲ್ಯೂ (ಮೋರ್ಸ್) ಮೋಡಿಗೆ ಹಾಕಿ, ಕೀ ಜ್ಯಾಕಿಗೆ ಒಂದು ಪ್ಲಗ್ ಚುಚ್ಚಿ, ಅದರ ಎರಡು ವೈರನ್ನು ಬೆರಳಲ್ಲಿ ತಾಕಿಸುತ್ತೇನೆ. ಅಷ್ಟೇ ಸಾಕು.

ಮೂಗನ್ನೂ ಕೆಲಸಕ್ಕೆ ಹಚ್ಚಬೇಕು. ಮುಚ್ಚಳದ ಗಾಳಿಕಂಡಿಗಳಿಗೆ ಮೂಗು ಹಿಡಿದರೆ ಎದುರಿಗಿದ್ದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಸುಟ್ಟ ಟ್ರಾನ್ಸ್‌ಫಾರ್ಮರ್ ವಾರ್ನಿಷ್ ವಾಸನೆ ಒಮ್ಮೆ ಹಿಡಿದವರು ಮರೆಯುವುದಿಲ್ಲ. ಸಿಗರೇಟು ವಾಸನೆಗೆ ನಾನು ಹೆದರುವುದಿಲ್ಲ, ಒರೆಸಿದರೆ ಹೋಗುತ್ತದೆ. ಇಲಿ ಉಚ್ಚೆಯ ವಾಸನೆ ಬಂದರೆ ಮಾತ್ರ ಕೈ ಮುಗಿದು ಮುಂದೆ ಹೋಗುತ್ತೇನೆ. ಅದು ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದು ಹಾಕಿರುತ್ತದೆ. ಇವತ್ತು ಒಂದು ಸರಿ ಮಾಡಿದರೆ ಮುಂದಿನ ತಿಂಗಳು ಇನ್ನೊಂದು.

ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಅದನ್ನೊಂದು ದೋಷ ಅಂತ ನಾನು ಎಣಿಸುವುದೇ ಇಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟರೆ ಸರಿಹೋಗುತ್ತದೆ. ಚೌಕಾಸಿಗೆ ಮಾತ್ರ ಚೆನ್ನಾಗಿ ಒದಗುತ್ತದೆ.

ಮಾರುವವರನ್ನು "ಕೆಲಸ ಮಾಡುತ್ತಾ?" ಅಂತ ಕೇಳಿ ಪ್ರಯೋಜನವಿಲ್ಲ. "ಹೋದ ಸಲ ಹಾಕಿದಾಗ ಚೆನ್ನಾಗೇ ಇತ್ತು" ಅನ್ನುವುದು ಪ್ರತಿ ಸಂತೆಯ ಮಂತ್ರ. ಆ ಹೋದ ಸಲ ಯಾವ ಕಾಲದ್ದೋ! ಬದಲಿಗೆ ನಾನು ಕೇಳುವುದು: "ಓಎಂ, ಇದರಲ್ಲಿ ಕೊನೇ ಕ್ಯೂಎಸ್ಒ ಯಾವ ಬ್ಯಾಂಡಲ್ಲಿ ಮಾಡಿದ್ರಿ?" (ಓಎಂ ಅಂದರೆ ನಮ್ಮ ಭಾಷೆಯಲ್ಲಿ ಗೆಳೆಯ, ಕ್ಯೂಎಸ್ಒ ಅಂದರೆ ರೇಡಿಯೋ ಮಾತುಕತೆ.) ನಿಜವಾಗಿ ಬಳಸಿದವರಿಗೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ, ಜೊತೆಗೆ "ಹತ್ತು ಮೀಟರಲ್ಲಿ ಸ್ವಲ್ಪ ಡ್ರೈವ್ ಕಮ್ಮಿ" ಅನ್ನುವ ಸತ್ಯವೂ ಹೊರಬೀಳುತ್ತದೆ. ಅಂಥವರ ಹತ್ತಿರ ನಾನು ಹೆಚ್ಚು ಚೌಕಾಸಿ ಮಾಡುವುದಿಲ್ಲ.

ಕೋಆಕ್ಸ್ ಕೇಬಲ್ ವಿಷಯದಲ್ಲಿ ಎರಡು ಸಲ ಮೋಸಹೋಗಿದ್ದೇನೆ, ಎರಡೂ ಸಲ ನನ್ನ ಆಸೆಯೇ ಕಾರಣ. ದಪ್ಪ ಆರ್‌ಜಿ-213 ಸುರುಳಿ ಸುತ್ತಿಟ್ಟಿದ್ದು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಈಗ ಮಾರುವವರ ಒಪ್ಪಿಗೆ ಕೇಳಿ ತುದಿಯಿಂದ ಎರಡು ಬೆರಳು ಹೊರಸಿಪ್ಪೆ ಸೀಳುತ್ತೇನೆ. ಒಳಗಿನ ಹೆಣಿಗೆ ಹೊಸ ತಾಮ್ರದ ಬಣ್ಣದಲ್ಲಿದ್ದರೆ ಸರಿ. ಕಪ್ಪಾಗಿ, ಉಗುರಿಂದ ಕೆರೆದರೆ ಪುಡಿ ಉದುರಿದರೆ ನೀರು ಒಳಗೆ ನಡೆದುಬಿಟ್ಟಿದೆ. ನೀರು ಒಂದು ತುದಿಯಿಂದ ಹೊಕ್ಕು ಹೆಣಿಗೆಯುದ್ದಕ್ಕೂ ಹಬ್ಬುತ್ತದೆ, ಹಾಗಾಗಿ ಮಾರುದ್ದ ಕತ್ತರಿಸಿ ಬಿಸಾಡಿದರೂ ಉಳಿದದ್ದನ್ನು ನಂಬುವಂತಿಲ್ಲ. ಸೀಳಲು ಒಪ್ಪದಿದ್ದರೆ ನ್ಯಾನೋವಿಎನ್ಎ ಇದೆ: ದೂರದ ತುದಿಯಲ್ಲಿ ಡಮ್ಮಿ ಲೋಡ್ ಕಟ್ಟಿ ಈ ತುದಿಯಲ್ಲಿ ಎಸ್‌ಡಬ್ಲ್ಯೂಆರ್ (ಸಿಗ್ನಲ್ ಎಷ್ಟು ಪ್ರತಿಫಲಿಸುತ್ತದೆ ಅನ್ನುವ ಅಳತೆ) ನೋಡಬಹುದು, ಆದರೆ ಅದನ್ನೇ ನಂಬಬೇಡಿ. ಕೇಬಲ್ ಕೆಟ್ಟು ಸಿಗ್ನಲನ್ನು ನುಂಗುತ್ತಿದ್ದರೆ ಎಸ್‌ಡಬ್ಲ್ಯೂಆರ್ ಇನ್ನೂ ಚಂದ ಕಾಣುತ್ತದೆ, ಪ್ರತಿಫಲಿಸಿ ವಾಪಸ್ ಬರುವುದಕ್ಕೆ ಏನೂ ಉಳಿದಿರುವುದಿಲ್ಲವಲ್ಲ. ಲೋಡ್ ಬಿಚ್ಚಿ, ತುದಿ ತೆರೆದಿಟ್ಟು ರಿಟರ್ನ್ ಲಾಸ್, ಅಂದರೆ ವಾಪಸ್ ಬಂದ ಸಿಗ್ನಲ್ ಎಷ್ಟು ತಗ್ಗಿದೆ ಅಂತ ನೋಡಬೇಕು. ತೆರೆದ ತುದಿಯಿಂದ ಸಿಗ್ನಲ್ ಪೂರ್ತಿ ಮರಳುವುದರಿಂದ ಅಲ್ಲಿ ಕಂಡ ಡೆಸಿಬಲ್‌ನ ಅರ್ಧ ಕೇಬಲ್ಲಿನ ನಷ್ಟ.

ಟೊರಾಯ್ಡ್, ಅಂದರೆ ಕಾಯಿಲ್ ಸುತ್ತುವ ಉಂಗುರ ತುಂಬಿದ ಡಬ್ಬಿಗಳದ್ದು ಇನ್ನೊಂದು ಜೂಜು. ಕೆಂಪು ಬಣ್ಣದ ಪುಡಿ-ಕಬ್ಬಿಣದ ಉಂಗುರ 2ನೇ ಮಿಕ್ಸ್ (ಅದರ ವಸ್ತುವಿನ ಬಗೆ), ಹಳದಿ 6ನೇ ಮಿಕ್ಸ್, ಅಷ್ಟನ್ನು ಕಣ್ಣೇ ಹೇಳುತ್ತದೆ. ಬೂದು-ಕಪ್ಪು ಫೆರೈಟ್ ಉಂಗುರಗಳ ಮೇಲೆ ಏನೂ ಬರೆದಿರುವುದಿಲ್ಲ. 43 ಯಾವುದು, 61 ಯಾವುದು ದೇವರೇ ಬಲ್ಲ. ಹತ್ತು ಸುತ್ತು ವೈರ್ ಸುತ್ತಿ, ಇಂಡಕ್ಟೆನ್ಸ್ ಅಳೆದು, ಸುತ್ತುಗಳ ವರ್ಗದಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ಸಂತೆಯ ನೂಕುನುಗ್ಗಲಲ್ಲಿ ನಿಂತು ಇದನ್ನು ಮಾಡಿದ್ದೇನೆ, ನಗುವವರು ನಕ್ಕರು. ಡಮ್ಮಿ ಲೋಡಿಗೆ ಇಷ್ಟೆಲ್ಲ ಬೇಡ: ಮಲ್ಟಿಮೀಟರ್ ಮುಟ್ಟಿಸಿದರೆ 50 ಓಮ್ ಆಸುಪಾಸು ಬರಬೇಕು, 80 ಅಂತ ಬಂದರೆ ಯಾರೋ ಅದನ್ನು ಕಾಯಿಸಿ ಕೊಂದಿದ್ದಾರೆ. ಎಣ್ಣೆ ತುಂಬಿದ ಹಳೇ ಡಬ್ಬಿಯ ಲೋಡ್ ಸೋರುತ್ತಿದ್ದರೆ ಮುಟ್ಟಬೇಡಿ, ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಅನ್ನುವ ವಿಷಕಾರಿ ರಾಸಾಯನಿಕ ಇರಬಹುದು. ನಿಕ್ಕಲ್-ಕ್ಯಾಡ್ಮಿಯಮ್ ಪ್ಯಾಕಿನ ಹಳೇ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್), ಕಂಟ್ರೋಲ್ ಬಾಕ್ಸ್ ಇಲ್ಲದ ರೊಟೇಟರ್ (ಆಂಟೆನಾ ತಿರುಗಿಸುವ ಮೋಟಾರು), ಇವುಗಳ ಕಡೆ ನಾನು ತಿರುಗಿಯೂ ನೋಡುವುದಿಲ್ಲ.

ಭಾರದ ಸಾಮಾನಿಗೆ ಸಂಜೆ ತನಕ ಕಾಯುವುದು ನನ್ನ ಪದ್ಧತಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಆಂಪ್ಲಿಫೈಯರನ್ನು ಬೆಳಿಗ್ಗೆ ಹೊತ್ತು ತಂದವರಿಗೆ ಅದನ್ನು ಮತ್ತೆ ಹೊತ್ತೊಯ್ಯುವ ಮನಸ್ಸಿರುವುದಿಲ್ಲ. ಸಣ್ಣದು, ಒಳ್ಳೆಯದು, ಎಲ್ಲರಿಗೂ ಬೇಕಾದದ್ದು ಮಾತ್ರ ಬೆಳಿಗ್ಗೆಯೇ ಹೋಗಿಬಿಡುತ್ತದೆ. ಹೀಗೆ ಕಾಯುತ್ತಾ ಕೂತು ಒಂದು ಒಳ್ಳೆಯ ಮೋರ್ಸ್ ಕೀ ಕಳೆದುಕೊಂಡ ಸಂಕಟ ಇನ್ನೂ ಇದೆ.

ನಾನು ಕೊಂಡದ್ದರಲ್ಲಿ ಅತ್ಯುತ್ತಮ ಅನ್ನಿಸಿದ್ದು ಒಂದು ಸಂಜೆಯೇ ಸಿಕ್ಕಿತು. ಮೂಲೆಯ ಮೇಜಿನ ಹಿಂದೆ ಇಪ್ಪತ್ತೈದರ ಆಸುಪಾಸಿನ ಹುಡುಗ ಕೂತಿದ್ದ. ಮುಂದೆ ಬಟ್ಟೆಯ ಗವಸು ಹೊದಿಸಿದ ಕೆನ್‌ವುಡ್ ಟಿಎಸ್-520 ರಿಗ್. "ಅಪ್ಪನದು ಸಾರ್, ನಂಗೆ ಇದರಲ್ಲಿ ಏನೂ ಗೊತ್ತಿಲ್ಲ" ಅಂದ. ಹ್ಯಾಮ್‌ಗಳು ತೀರಿಹೋದರೆ ನಾವು ಸೈಲೆಂಟ್ ಕೀ ಅನ್ನುತ್ತೇವೆ. ಅವರ ಸಾಮಾನು ಮಾರುವ ಮನೆಯವರ ಮುಂದೆ ಚೌಕಾಸಿ ಮಾಡಲು ನನಗೆ ನಾಲಿಗೆ ಏಳುವುದಿಲ್ಲ. ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಪ್ಲಗ್ಗು, ವೈರುಗಳ ನಡುವೆ ಒಂದು ಬರ್ಡ್ 43 ವಾಟ್‌ಮೀಟರ್ ಇತ್ತು, ಅದರ ಕಿಸೆಯಲ್ಲಿ 100ಎಚ್ ಎಲಿಮೆಂಟ್ (ಮೀಟರಿಗೆ ಸಿಕ್ಕಿಸುವ ಅಳತೆಯ ತುಂಡು), ಅಂದರೆ 2ರಿಂದ 30 ಮೆಗಾಹರ್ಟ್ಸ್‌ಗೆ, 100 ವಾಟ್ ತನಕ. ಪಕ್ಕದಲ್ಲಿ 1000 ವಾಟಿನದ್ದೂ ಒಂದು. "ಈ ಮೀಟರ್ ಗುಜರಿ ಜೊತೆ ಕೊಡಬೇಡಪ್ಪ, ಎಲಿಮೆಂಟುಗಳನ್ನೂ ಬೇರೆ ಮಾಡಬೇಡ" ಅಂದೆ. ಕೊಳ್ಳುವವರಿಗೆ ಒಂದು ಮಾತು: ಅದರ ನಿಖರತೆ ಪೂರ್ತಿ ಸ್ಕೇಲಿನ ಶೇಕಡಾ 5. ಸಾವಿರ ವಾಟಿನ ಎಲಿಮೆಂಟ್ ಹಾಕಿದರೆ 50 ವಾಟ್ ಅತ್ತಿತ್ತ ಆದರೂ ಲೆಕ್ಕಕ್ಕಿಲ್ಲ, ಅದರಲ್ಲಿ ಇಪ್ಪತ್ತು ವಾಟ್ ಅಳೆಯುವುದು ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ.

ರಿಗ್ಗಿನ ಸ್ಕ್ರೂ ತಲೆಗಳು ಹುಡುಗನ ಹಲ್ಲಿನಷ್ಟು ಚೆನ್ನಾಗಿದ್ದವು. ಬಿಚ್ಚಿ ಟಾರ್ಚ್ ಹಿಡಿದೆ. ಎರಡು ಫೈನಲ್ ವಾಲ್ವುಗಳ ಗಾಜಿನೊಳಗೆ ಗೆಟ್ಟರ್ (ಉಳಿದ ಗಾಳಿ ಹೀರುವ ಲೇಪ) ಕಲೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಗಾಳಿ ಹೊಕ್ಕಿದ್ದರೆ ಹಾಲಿನಂತೆ ಬೆಳ್ಳಗಾಗಿರುತ್ತದೆ. "ಮ್ಯಾನ್ಯುಯಲ್ ಇತ್ತಾ?" ಅಂದೆ. ಬಿಸಾಡುವ ಪೇಪರಿನ ಕಟ್ಟಿನಿಂದ ಎಳೆದು ಕೊಟ್ಟ. ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಗೆರೆ ಹೊಡೆದು ಕೋಷ್ಟಕ ಮಾಡಿದ್ದರು: ಬ್ಯಾಂಡ್, ಡ್ರೈವ್, ಪ್ಲೇಟ್, ಲೋಡ್. ಪ್ರತಿ ಬ್ಯಾಂಡಿನ ಮುಂದೆ ಗುಬ್ಬಿಗಳ (ನಾಬ್‌ಗಳ) ಸ್ಥಾನ. ಕೆಳಗೆ "ಬಯಾಸ್ 60, ಡಮ್ಮಿ ಲೋಡಲ್ಲಿ", ಅಂದರೆ ಸಿಗ್ನಲ್ ಇಲ್ಲದಾಗ ಫೈನಲ್ ವಾಲ್ವುಗಳ ಕರೆಂಟ್ 60 ಮಿಲಿಆಂಪಿಯರ್.

ಮನೆಯಲ್ಲಿ ಅದನ್ನು ನೇರ ಮೇನ್ಸ್‌ಗೆ ಕೊಡಲಿಲ್ಲ. ವರ್ಷಗಟ್ಟಲೆ ಕೂತ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಮೇಲೆ ಒಮ್ಮೆಗೇ ಪೂರ್ತಿ ವೋಲ್ಟೇಜ್ ಬಿಡುವುದು ಪಟಾಕಿಗೆ ಬತ್ತಿ ಹಚ್ಚಿದ ಹಾಗೆ. ಹೀಟರ್ ಸ್ವಿಚ್ ಆಫ್ ಇಟ್ಟು, 100 ವಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿದೆ. ಬಲ್ಬ್ ಝಗ್ಗೆಂದು ಹೊತ್ತಿತು, ಎದೆ ಧಸಕ್ಕೆಂದಿತು. ಮೆಲ್ಲಗೆ ಇಳಿದು ಬರೀ ಕೆಂಪು ಎಳೆಯಾಗಿ ನಿಂತಿತು. ಒಳಗೆ ಶಾರ್ಟ್ ಇದ್ದಿದ್ದರೆ ಅದು ಇಳಿಯುತ್ತಲೇ ಇರಲಿಲ್ಲ. ಅರ್ಧ ಗಂಟೆ ಹಾಗೇ ಬಿಟ್ಟು, ಬಲ್ಬ್ ತೆಗೆದು, ಹೀಟರ್ ಹಾಕಿದೆ. ಮುಚ್ಚಳ ಮುಚ್ಚಿಯೇ ಇತ್ತು: ಪ್ಲೇಟಿನಲ್ಲಿ 800 ವೋಲ್ಟ್ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತರೂ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಮೀಟರನ್ನು ಐಪಿಗೆ (ಪ್ಲೇಟ್ ಕರೆಂಟಿಗೆ) ತಿರುಗಿಸಿ ಸೆಂಡ್ ಒತ್ತಿದೆ. ಅರುವತ್ತರ ಗೆರೆಯಿಂದ ಕೂದಲೆಳೆ ಕೆಳಗೆ.

20 ಮೀಟರಿಗೆ ಹಾಕಿ, ಡಮ್ಮಿ ಲೋಡ್ ಕಟ್ಟಿ, ಪ್ಲೇಟ್ ಮತ್ತು ಲೋಡ್ ಗುಬ್ಬಿಗಳನ್ನು ಪೆನ್ಸಿಲಿನ ಅಂಕಿಗಳಿಗೆ ತಂದಿಟ್ಟೆ. ಕೀ ಒತ್ತಿ ಪ್ಲೇಟ್ ಗುಬ್ಬಿಯನ್ನು ಒಂಚೂರು ಆಚೀಚೆ ಆಡಿಸಿದೆ. ಸೂಜಿ ತಗ್ಗಿದ್ದು, ಅಂದರೆ ಟ್ಯೂನ್ ಆದದ್ದು, ಅವರು ಬರೆದಲ್ಲಿಂದ ಅರ್ಧ ಗೆರೆ ಬಲಕ್ಕೆ. ಪೆನ್ಸಿಲ್ ತಗೊಂಡು ಅವರ ಅಂಕಿಯ ಪಕ್ಕದಲ್ಲಿ ನನ್ನದನ್ನೂ ಬರೆದೆ.