ನೀರಿನಲ್ಲಿ ತಲೆಕೆಳಗಾದ ಹೆಲಿಕಾಪ್ಟರಿನಿಂದ ಹೊರಬರುವುದು ಹೇಗೆ?

ಪಣಂಬೂರಿನ ಕಡಲ ಮೇಲೆ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಸುತ್ತು ಹಾಕುವುದನ್ನು ಕಂಡಾಗ, ಅದು ಒಂದು ವೇಳೆ ನೀರಿಗೆ ಬಿದ್ದರೂ ಒಳಗಿರುವವರು ಈಜಿ ಪಾರಾಗುತ್ತಾರೆಂದು ಭಾವಿಸುವವರು ನಮ್ಮಲ್ಲಿ ಹಲವರಿದ್ದಾರೆ. ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿಕೊಂಡು ಹೊಳೆಯಲ್ಲಿ ಈಜು ಕಲಿತ ಊರಿನವರಿಗೆ ಹಾಗೆ ತೋರುವುದು ಸಹಜವೇ. ಆದರೆ ಕೊಚ್ಚಿಯ ನೌಕಾ ವಾಯುನೆಲೆ ಐಎನ್‌ಎಸ್ ಗರುಡದಂಥ ಕಡೆ ನೀರಿಗೆ ಬಿದ್ದ ಹೆಲಿಕಾಪ್ಟರಿನಿಂದ ಪಾರಾಗಲು ಸೇನಾ ವೈಮಾನಿಕ ಸಿಬ್ಬಂದಿಗೆ ನೀಡುವ ತರಬೇತಿಯಲ್ಲಿ ಈಜಿಗಿಂತ ಕಷ್ಟದ ಪಾಠವೆಂದರೆ ಕಾಯುವುದು.

ಎಂಜಿನ್, ಗೇರ್‌ಬಾಕ್ಸ್, ರೋಟರ್ ಎಲ್ಲವೂ ನೆತ್ತಿಯ ಮೇಲೇ ಇರುವುದರಿಂದ ನೀರಿಗಿಳಿದ ಹೆಲಿಕಾಪ್ಟರ್ ಬಹುಬೇಗ ಮಗುಚಿಕೊಳ್ಳುತ್ತದೆ. ಆದ್ದರಿಂದ ಹೆಲಿಕಾಪ್ಟರಿನ ಒಳಭಾಗವನ್ನು ಹೋಲುವ ಕೋಣೆಯೊಂದರಲ್ಲಿ ಕಲಿಯುವವರನ್ನು ಕೂರಿಸಿ, ಅದನ್ನು ಈಜುಕೊಳಕ್ಕೆ ಇಳಿಸಿ ಬುಡಮೇಲು ಮಾಡುತ್ತಾರೆ. ಮುಳುಗುಗಾರರು ಪಕ್ಕದಲ್ಲೇ ಕಾವಲಿರುತ್ತಾರೆ. ಮೊದಲು ಬೆಳಕಿನಲ್ಲಿ ನಡೆದ ಅಭ್ಯಾಸವೇ ಬಳಿಕ ಕತ್ತಲೆಯಲ್ಲೂ ನಡೆಯುತ್ತದೆ.

ನೀರಿಗೆ ಬೀಳುವ ಮುನ್ನವೇ ಬೆಲ್ಟ್ ಬಿಗಿಮಾಡಿ, ಒಂದು ಕೈಯಿಂದ ಹತ್ತಿರದ ಕಿಟಕಿಯ ಚೌಕಟ್ಟನ್ನು ಹಿಡಿದುಕೊಳ್ಳಬೇಕು. ಬಲಕ್ಕಿದ್ದ ಕಿಟಕಿ ತಲೆಕೆಳಗಾದ ಮೇಲೂ ಕುಳಿತವನ ಬಲಕ್ಕೇ ಇರುತ್ತದೆ. ಆದರೆ ಕೈ ಬಿಟ್ಟವನಿಗೆ ಎಡಬಲ ಹಾಗಿರಲಿ, ಮೇಲುಕೆಳಗೂ ತಿಳಿಯದು. ನೀರು ಮುಖಕ್ಕೇರುವ ಮೊದಲು ಉಸಿರು ಹಿಡಿದು, ಕೋಣೆಯ ಚಲನೆ ಪೂರ್ತಿ ನಿಲ್ಲುವವರೆಗೆ ಹಾಗೆಯೇ ಕುಳಿತಿರಬೇಕು. ಆಮೇಲೆ ಕಿಟಕಿಯನ್ನು ತಳ್ಳಿ, ಚೌಕಟ್ಟು ಕೈಯಲ್ಲಿರುವಾಗಲೇ ಇನ್ನೊಂದು ಕೈಯಿಂದ ಬೆಲ್ಟ್ ಬಿಚ್ಚಬೇಕು. ಈ ಕ್ರಮ ತಪ್ಪುವುದು ಸುಲಭ, ಏಕೆಂದರೆ ಗಾಬರಿಯಲ್ಲಿ ಕೈ ಮೊದಲು ಹೋಗುವುದೇ ಬೆಲ್ಟಿನ ಕಡೆಗೆ. ಬೆಲ್ಟ್ ಕಳಚಿದ ದೇಹ ತೇಲತೊಡಗುತ್ತದೆ, ಕಿಟಕಿಯನ್ನು ತಳ್ಳಲು ಆನಿಕೆಯೇ ಸಿಗುವುದಿಲ್ಲ. ಲೈಫ್ ಜಾಕೆಟನ್ನೂ ಒಳಗೆ ಉಬ್ಬಿಸಬಾರದು. ಉಬ್ಬಿಸಿದರೆ, ಈಗ ಮೇಲೆ ಬಂದಿರುವ ನೆಲಕ್ಕೆ ಅದು ಆಳನ್ನು ಒತ್ತಿಹಿಡಿಯುತ್ತದೆ.

ಯುದ್ಧವಿಮಾನದಿಂದ ಪ್ಯಾರಾಚೂಟ್ ಮೂಲಕ ಇಳಿಯುವವರ ತೊಂದರೆ ಬೇರೆ. ತಲೆಯ ಮೇಲೆ ಕವಿದ ಒದ್ದೆ ಬಟ್ಟೆಯಡಿ ಕೈಕಾಲು ಬಡಿಯದೆ, ಒಂದೇ ಹೊಲಿಗೆಯ ಗೆರೆಯನ್ನು ಹಿಡಿದು ಅಂಚಿನವರೆಗೆ ಸಾಗಬೇಕು.

ಹೊರಬಂದ ಬಳಿಕ ಜಾಕೆಟ್ ಉಬ್ಬಿಸಿ ರಬ್ಬರ್ ತೆಪ್ಪವನ್ನು ಏರಬೇಕು. ನಮ್ಮ ಅರಬ್ಬಿ ಸಮುದ್ರದಲ್ಲಿ ಚಳಿಗಿಂತ ಬಿಸಿಲು ಮತ್ತು ದಾಹದ ಕಾಟವೇ ಹೆಚ್ಚು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರನ್ನು ಕುಡಿದರೆ, ಆ ಉಪ್ಪನ್ನು ಹೊರಹಾಕಲು ದೇಹ ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಕಳೆದುಕೊಳ್ಳುತ್ತದೆ. ಅಪಾಯದ ಸಂಕೇತ ಕಳಿಸುವ ಸಾಧನವಾದ 406 ಮೆಗಾಹರ್ಟ್ಸ್ ಬೀಕನ್ ಚಾಲೂ ಆದರೆ ಅದರ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನ ಇಸ್ರೊ ಕೇಂದ್ರಕ್ಕೆ, ಅಲ್ಲಿಂದ ರಕ್ಷಣಾ ಪಡೆಗಳಿಗೆ ತಲುಪುತ್ತದೆ.

ಕೊನೆಗೆ ರಕ್ಷಣೆಗೆ ಬಂದ ಹೆಲಿಕಾಪ್ಟರಿನಿಂದ ಕೊಕ್ಕೆ ಇಳಿದಾಗಲೂ ತಕ್ಷಣ ಕೈ ಚಾಚಬಾರದು. ರೋಟರಿನ ತಿರುಗಾಟದಿಂದ ಹುಟ್ಟಿದ ಸ್ಥಿರವಿದ್ಯುತ್ ಅದರಲ್ಲಿರುವುದರಿಂದ, ಕೊಕ್ಕೆ ಮೊದಲು ನೀರನ್ನು ಮುಟ್ಟಬೇಕು, ಹಿಡಿಯುವುದು ಆಮೇಲೆ.